ನಾಲ್ಕನೇ ಕ್ಲಾಸಿನ ಹಸಿ ಬೆಂಚುಗಳು

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ನಿಮಿಷಪ್ಪ ತನ್ನ ಅವಳಿ ಮಕ್ಕಳನ್ನು ಶಾಲೆಯ ಗೇಟಿನೊಳಗೆ ತಳ್ಳಿ, ಅವರು ತಿರುಗಿ ಓಡಿಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಮನೆಗೆ ಬಂದ. ಮುಂಬಾಗಿಲಿಗೆ ಚಿಲಕ ಹಾಕಿ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತ. ಎಲ್ಲೂ ಒಂದು ಸದ್ದಿಲ್ಲ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನಿಮಿಷಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಗಡಿಯಾರ ರಿಪೇರಿ ಅವನ ಕಸುಬು. ಯಾರು ಬಂದು "ನನ್ನ ವಾಚ್ ಏನಾಯ್ತು?" ಎಂದು ಕೇಳಿದರೂ ತಲೆ ಎತ್ತದೆ "ಒಂದು ನಿಮಿಷ" ಎನ್ನುತ್ತಿದ್ದ. ಆ ಒಂದು ನಿಮಿಷ ಎಷ್ಟೋ ಜನರಿಗೆ ತಿಂಗಳಾಗಿತ್ತು. ಅಂಗಡಿ ಅಂತ ಬೇರೆ ಇರಲಿಲ್ಲ, ಮಾವ ಕಟ್ಟಿಸಿಕೊಟ್ಟ ಮನೆಯ ಹಾಲೇ ಅಂಗಡಿ. ಆ ಮಾವನ ತಲೆಯಲ್ಲಿ ಏನಿತ್ತೋ, ಮಲಗುವ ಕೋಣೆಗಳನ್ನು ಬೆಂಕಿಪೊಟ್ಟಣದಷ್ಟು ಮಾಡಿ ಹಾಲನ್ನು ಮಾತ್ರ ಮೈದಾನದಷ್ಟು ಕಟ್ಟಿಸಿದ್ದ. ಹಾಗಾಗಿ ರಜೆಯಿಡೀ ಬೀದಿಯ ಮಕ್ಕಳೆಲ್ಲ ಬಿಸಿಲು ತಪ್ಪಿಸಿಕೊಂಡು ಕ್ರಿಕೆಟ್ ಆಡಿದ್ದು ಅಲ್ಲೇ.

ಈಗ ಮೇಜಿನ ಮೇಲಿದ್ದದ್ದು ನಿವೃತ್ತ ಜಡ್ಜ್ ಒಬ್ಬರ ಗೋಡೆ ಗಡಿಯಾರ. ಅವರ ತಂದೆಯ ಕಾಲದ್ದು. ಚಕ್ರಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಆಗಿತ್ತು. ಆದರೆ ಅದು ಕುಂಟುತ್ತಿತ್ತು. ಟಿಕ್ ಆದ ಮೇಲೆ ಟಾಕ್ ಒಂದು ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಅದನ್ನು ಸರಿಮಾಡಲು ಬೇರೆ ಉಪಾಯವಿಲ್ಲ. ಕಿವಿಯಿಟ್ಟು ಕೇಳಬೇಕು, ಲೋಲಕದ ಹಿಂದಿನ ಕೊಕ್ಕೆಯನ್ನು ಒಂದಿಷ್ಟೇ ಬಗ್ಗಿಸಬೇಕು, ಮತ್ತೆ ಕೇಳಬೇಕು. ಕೇಳಬೇಕಾದರೆ ಮನೆ ನಿಶ್ಶಬ್ದವಾಗಿರಬೇಕು. ರಜೆಯಿಡೀ ಅದೊಂದು ಭಾಗ್ಯ ಸಿಕ್ಕಿರಲಿಲ್ಲ. ಹಿಂದಿನ ದಿನ ಜಡ್ಜ್ ಫೋನ್ ಮಾಡಿ, "ನಲವತ್ತು ವರ್ಷ ಎಲ್ಲರಿಗೂ ವಾಯಿದೆ ಕೊಟ್ಟು ಸಾಕಾಗಿದೆ ಕಣಯ್ಯಾ. ನಾಡಿದ್ದು ಸಂಜೆ ಬರ್ತೀನಿ. ಆಗಿಲ್ಲ ಅಂದ್ರೆ ಪೇಟೆಯ ದೊಡ್ಡ ಅಂಗಡಿಗೆ ಕೊಡ್ತೀನಿ, ನಿನ್ನಿಂದ ಆಗ್ಲಿಲ್ಲ ಅಂತ ಹೇಳೇ ಕೊಡ್ತೀನಿ," ಎಂದಿದ್ದರು. ಅಪ್ಪನ ಕಾಲದಿಂದ ಬಂದ ಕಸುಬು. ಆ ದೊಡ್ಡ ಅಂಗಡಿಯವನ ಮುಂದೆ ಮಾನ ಹೋಗುವುದನ್ನು ನೆನೆಸಿಕೊಂಡೇ ನಿಮಿಷಪ್ಪನಿಗೆ ರಾತ್ರಿ ಊಟ ಸೇರಿರಲಿಲ್ಲ.

ಗಡಿಯಾರಕ್ಕೆ ಕಿವಿಯಿಟ್ಟ. ಟಿಕ್ ಎಂದಿತು. ಟಾಕ್ ಎನ್ನುವಷ್ಟರಲ್ಲಿ ಬಾಗಿಲು ಢಬಢಬ ಬಡಿಯಿತು.

"ಅಪ್ಪ, ನಮಗೆ ಒಂದು ವಾರ ರಜೆ," ಎಂದ ಮಗ, ಹೊರಗಿನಿಂದಲೇ.

"ಯಾರು ಹೇಳಿದ್ದು?" ಎನ್ನುತ್ತ ನಿಮಿಷಪ್ಪ ಚಿಲಕ ತೆಗೆದ.

"ದೊಡ್ಡ ಮೇಡಂ. ನಾಲ್ಕನೇ ಕ್ಲಾಸಿಗೆ ಮಾತ್ರ. ಬೆಂಚಿನ ಬಣ್ಣ ಒಣಗಿಲ್ಲ," ಎಂದಳು ಮಗಳು. "ಇವನು ಕೂತು ನೋಡಿದ."

ಮಗ ಹೆಮ್ಮೆಯಿಂದ ಹಿಂದಕ್ಕೆ ತಿರುಗಿ ನಿಂತ. ಹೊಸ ಯೂನಿಫಾರಂ ಚಡ್ಡಿಗೆ ಕಂದು ಬಣ್ಣ ಮೆತ್ತಿಕೊಂಡಿತ್ತು. ಅವನ ಹಿಂದೆ ನಾಲ್ಕನೇ ಕ್ಲಾಸಿನ ಅರ್ಧದಷ್ಟು ಮಕ್ಕಳು ನಿಂತಿದ್ದರು. ಒಬ್ಬನ ಕೈಯಲ್ಲಿ ಬ್ಯಾಟಿತ್ತು. ಶಾಲೆಯ ಮೊದಲ ದಿನ ಬ್ಯಾಟು ಯಾಕೆ ತಂದಿದ್ದೆ ಎಂದು ಕೇಳುವ ತ್ರಾಣ ನಿಮಿಷಪ್ಪನಿಗೆ ಉಳಿದಿರಲಿಲ್ಲ.

ಬೆಂಚಿಗೆ ಬಣ್ಣ ಹೊಡೆದವರು ಯಾರೆಂದು ಅವನು ಕೇಳಲೂ ಇಲ್ಲ. ಹೊಡೆದಾತ ಒಳಗಿನ ಕೋಣೆಯಲ್ಲಿ ಇನ್ನೂ ಹೊದ್ದು ಮಲಗಿದ್ದ. ಹೆಂಡತಿಯ ತಮ್ಮ. ಕೆಲಸ ಹುಡುಕುತ್ತೇನೆಂದು ಬಂದವನು ರಜೆಯಿಡೀ ಸೋಫಾ ಬಿಟ್ಟು ಏಳದಿದ್ದಾಗ ನಿಮಿಷಪ್ಪನೇ ದೊಡ್ಡ ಮೇಡಂ ಹತ್ತಿರ ಹೋಗಿ, "ಹುಡುಗ ಬಣ್ಣದ ಕೆಲಸದಲ್ಲಿ ಎತ್ತಿದ ಕೈ," ಎಂದು ಹೇಳಿ ಈ ಕೆಲಸ ಕೊಡಿಸಿದ್ದ.

ಭಾಮೈದನನ್ನು ಎಬ್ಬಿಸಿಕೊಂಡು ಶಾಲೆಗೆ ಹೋದ. ದೊಡ್ಡ ಮೇಡಂ ಅವನಿಗಾಗಿಯೇ ಕಾದಂತಿತ್ತು.

"ಬನ್ನಿ. ನಿಮ್ಮ ಎತ್ತಿದ ಕೈ ಮಾಡಿದ್ದು ನೋಡಿ," ಎಂದರು.

"ಒಂದು ವಾರ ನೆಲದ ಮೇಲೆ ಕೂರಿಸಬಹುದಲ್ವಾ ಮೇಡಂ?"

"ಹೊಸ ಯೂನಿಫಾರಂ ಹಾಕ್ಕೊಂಡು ಬಂದಿರೋ ಮಕ್ಕಳನ್ನ ನೆಲದ ಮೇಲೆ ಕೂರಿಸಿದ್ರೆ ಅವರ ಅಮ್ಮಂದಿರು ನನ್ನ ಬಿಡ್ತಾರಾ? ಬೆಂಚು ಒಣಗಿದ ದಿನ ಕ್ಲಾಸು. ಅದು ನಾಳೆ ಆದ್ರೆ ನಾಳೇನೇ."

ನಿಮಿಷಪ್ಪನ ಕಣ್ಣ ಮುಂದೆ ಬ್ಯಾಟು, ಜಡ್ಜ್, ಪೇಟೆಯ ದೊಡ್ಡ ಅಂಗಡಿ ಒಟ್ಟಿಗೆ ಬಂದವು. "ನಾಳೆ ಕ್ಲಾಸ್ ನಡೆಯೋ ಹಾಗೆ ನಾನು ಮಾಡಿಕೊಡ್ತೀನಿ," ಎಂದುಬಿಟ್ಟ.

"ಮಾತು ಕೊಟ್ರಿ ಅಂತಾಯ್ತು," ಎಂದರು ದೊಡ್ಡ ಮೇಡಂ. "ಆದ್ರೆ ಶಾಲೆ ಅಂಗಳ ಬೇಡ. ಬೇರೆ ಕ್ಲಾಸಿನ ಮಕ್ಕಳು ಮುಟ್ಟಿ ಹಾಳು ಮಾಡ್ತಾರೆ. ಹೊರಗೆ ಎಲ್ಲಾದ್ರೂ ತಗೊಂಡು ಹೋಗಿ."

ಬೆಂಚುಗಳನ್ನು ಗಾಡಿಗೆ ಹೇರಿಸಿ ಮನೆಯ ಮುಂದಿನ ಬೀದಿಗೆ ತರುವಷ್ಟರಲ್ಲಿ ನಿಮಿಷಪ್ಪನ ಅಂಗಿ ಕೆಲಸಕ್ಕೆ ಬಾರದಂತಾಯಿತು. ಹಿಡಿಯಲು ಒಂದು ಒಣ ಜಾಗವಿಲ್ಲ.

"ಒಂದಿಂಚೂ ಬಿಟ್ಟಿಲ್ಲ ಭಾವ," ಎಂದ ಭಾಮೈದ ತೃಪ್ತಿಯಿಂದ. "ಮೇಲೆ, ಕೆಳಗೆ, ಕಾಲಿನ ತಳಕ್ಕೂ ಎರಡು ಕೋಟ್ ಹೊಡ್ದಿದ್ದೀನಿ."

"ಕಾಲಿನ ತಳ ಯಾರಿಗೆ ಕಾಣುತ್ತೋ?"

"ಕಾಣಲ್ಲ ಅಂತ ಬಿಡೋಕಾಗುತ್ತಾ? ಕೆಲಸ ಅಂದ್ಮೇಲೆ ಕೆಲಸ."

"ಮತ್ತೆ ಯಾಕೋ ಒಣಗ್ತಿಲ್ಲ? ಏನು ಬೆರೆಸಿದ್ದೆ?"

"ಹೊಳಪು ಬರ್ಲಿ ಅಂತ ಸ್ವಲ್ಪ ಎಣ್ಣೆ. ಅಕ್ಕನ ಅಡುಗೆಮನೇದು."

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಎಣ್ಣೆ ಡಬ್ಬ ಖಾಲಿಯಾದ ಗುಟ್ಟು ಈಗ ತಿಳಿಯಿತು. ಅದಕ್ಕಾಗಿ ವಾರವಿಡೀ ಬೈಸಿಕೊಂಡವನು ನಿಮಿಷಪ್ಪ. ಅವಳು ಗಂಡನತ್ತ ನೋಡಿ, "ಪಾಪ, ಶ್ರದ್ಧೆಯಿಂದ ಮಾಡಿದ್ದಾನೆ ಕಣ್ರೀ, ಅವನನ್ನ ಬೈಬೇಡಿ," ಎಂದು ಒಳಗೆ ಹೋದಳು.

ಬೀದಿಯಲ್ಲಿ ಸಾಲಾಗಿ ಬೆಂಚು ನಿಂತ ಮೇಲೆ ಬೀದಿಯವರು ಸುಮ್ಮನಿರುವುದುಂಟೇ? ಮೊದಲು ಬಂದವರು ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್. ಬಿಳಿ ಪೈಜಾಮ, ಬಿಳಿ ಜುಬ್ಬ, ಕೈಯಲ್ಲಿ ಮಡಿಸಿದ ಪೇಪರು.

"ಬರೀ ಬಿಸಿಲಿಗೆ ಇದು ಬಗ್ಗಲ್ಲ. ಗಾಳಿ ಬೇಕು. ಫ್ಯಾನ್ ಹಾಕಿಸಿ," ಎಂದರು.

ನಿಮಿಷಪ್ಪನ ಮನೆಯ ಫ್ಯಾನು ಬಂತು. ಸಾಲದೆಂದು ಪೋಸ್ಟ್‌ಮಾಸ್ಟರ್ ಮನೆಯದೂ ಬಂತು. ಆಮೇಲೆ ಅವರೇ ಮನೆಮನೆಗೆ ಹೋಗಿ ಬಾಗಿಲು ತಟ್ಟಿ, ಬೀದಿಯ ಮೇಜು ಫ್ಯಾನುಗಳನ್ನೆಲ್ಲ ಹೊರಗೆ ತರಿಸಿದರು. ಎಲ್ಲದರ ವೈರೂ ನಿಮಿಷಪ್ಪನ ಕಿಟಕಿಯ ಮೂಲಕ ಒಂದೇ ಪ್ಲಗ್ಗಿಗೆ. ಸ್ವಿಚ್ ಒತ್ತಿದ ಕೂಡಲೇ ಕಂಬದ ಮೇಲೆ ಚಟ್ ಎಂದಿತು. ಇಡೀ ಬೀದಿಯ ಕರೆಂಟು ಹೋಯಿತು.

ಒಂದೊಂದು ಮನೆಯಿಂದ ಒಂದೊಂದು ತಲೆ ಹೊರಗೆ ಬಂತು. ಒಬ್ಬಾಕೆಯ ಮಿಕ್ಸಿ ನಿಂತಿತ್ತು, ಇನ್ನೊಬ್ಬಾತನ ಅರ್ಧ ಇಸ್ತ್ರಿಯಾದ ಪ್ಯಾಂಟು ಕೈಯಲ್ಲೇ ಇತ್ತು. "ಯಾರು ಮಾಡಿದ್ದು?" ಎಂಬ ಪ್ರಶ್ನೆಗೆ ಪೋಸ್ಟ್‌ಮಾಸ್ಟರ್ ಪೇಪರಿನಿಂದ ನಿಮಿಷಪ್ಪನತ್ತ ತೋರಿಸಿದರು.

ಲೈನ್‌ಮನ್ ಬಂದು ಬೈದು ಸರಿಮಾಡಿ ಹೋದ. ಅಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದು ಬೆಂಚಿಗೆ ಬೆರಳೊತ್ತಿ ನೋಡಿದರು.

"ಮಕ್ಕಳ ಮೈಗೆ ಬೆವರು ಬಂದ್ರೆ ಏನ್ ಮಾಡ್ತೀವಿ? ಪೌಡರ್ ಹಾಕ್ತೀವಿ. ಜಿಗುಟು ಎಲ್ಲಿದ್ರೂ ಒಂದೇ," ಎಂದರು.

ಮನೆಯಲ್ಲಿದ್ದ ಪೌಡರ್ ಡಬ್ಬಗಳೆಲ್ಲ ಬಂದವು. ಬ್ಯಾಟು ಬದಿಗಿಟ್ಟು ನಾಲ್ಕನೇ ಕ್ಲಾಸಿನ ಮಕ್ಕಳೇ ಉದುರಿಸುವ ಕೆಲಸ ವಹಿಸಿಕೊಂಡರು. ಬೆಂಚಿನ ಮೇಲೆ ಬಿದ್ದಷ್ಟೇ ಪೌಡರು ಪರಸ್ಪರರ ತಲೆಯ ಮೇಲೂ ಬಿತ್ತು. ಬೆಂಚುಗಳು ಹಿಟ್ಟಿನಲ್ಲಿ ಹೊರಳಿಸಿದ ಹಾಗೆ ಕಾಣತೊಡಗಿದವು.

"ಈಗ ನೋಡಿ, ಒಣಗಿರುತ್ತೆ," ಎಂದು ಪೋಸ್ಟ್‌ಮಾಸ್ಟರ್ ಮುಂದೆ ಬಂದರು.

"ಸರ್, ಕೂರಬೇಡಿ," ಎಂದ ನಿಮಿಷಪ್ಪ.

ಅವರು ಕೂತಾಗಿತ್ತು. ಏಳಲು ಹೋದಾಗ ಬೆಂಚೂ ಜೊತೆಗೆ ಎದ್ದಿತು. ಮೂವರು ಸೇರಿ ಎಳೆದು ಬಿಡಿಸಿದರು. ಪೈಜಾಮದ ಒಂದು ತುಂಡು ಬೆಂಚಿನ ಮೇಲೇ ಉಳಿಯಿತು. ಪೋಸ್ಟ್‌ಮಾಸ್ಟರ್ ಪೇಪರನ್ನು ಹಿಂದೆ ಹಿಡಿದುಕೊಂಡು, ಯಾರಿಗೂ ಬೆನ್ನು ತೋರಿಸದೆ, ಅಡ್ಡಡ್ಡ ನಡೆದು ಮನೆ ಸೇರಿಕೊಂಡರು.

ನಿಮಿಷಪ್ಪ ಬೀದಿಯ ಅಂಚಿನಲ್ಲಿ ಕೂತು ತಲೆ ಹಿಡಿದುಕೊಂಡ. ಅತ್ತುಬಿಡೋಣ ಎನಿಸಿತು. ಆಗ ಅವನ ಮೂಗಿನ ಮೇಲೆ ಒಂದು ಹನಿ ಬಿತ್ತು. ಮೇಲೆ ನೋಡಿದ. ಮೋಡ ಕಟ್ಟಿತ್ತು.

"ಒಳಗೆ ತಗೊಂಡು ಹೋಗಿ, ಎಲ್ಲಾ ನಮ್ಮ ಹಾಲಿಗೆ," ಎಂದು ಅವನೇ ಕೂಗಿದ. ನೆನೆದರೆ ಮುಗಿಯಿತು ಕಥೆ. ಬೀದಿಯವರೆಲ್ಲ ಕೈಹಾಕಿದರು. ಬೆಂಚಿಗೆ ಬೆಂಚು ತಾಗಿದರೆ ಅಂಟಿಕೊಳ್ಳುತ್ತದೆಂದು ನಡುವೆ ಜಾಗ ಬಿಟ್ಟು, ಸಾಲುಸಾಲಾಗಿ ಜೋಡಿಸಿದರು. ಮಾವನ ಮೈದಾನ ಸರಿಯಾಗಿ ತುಂಬಿತು.

ಭಾಮೈದ ಮಳೆಯಲ್ಲೇ ಎಲ್ಲೋ ಓಡಿಹೋಗಿದ್ದ. ತಪ್ಪಿಸಿಕೊಂಡ ಎಂದುಕೊಳ್ಳುವಷ್ಟರಲ್ಲಿ ಕೈಯಲ್ಲೊಂದು ಡಬ್ಬ ಹಿಡಿದು ವಾಪಸು ಬಂದ.

"ಪೇಂಟ್ ಅಂಗಡಿಯವನನ್ನ ಕೇಳ್ದೆ ಭಾವ. ಇದನ್ನ ಒಂದು ಕೈ ಮೇಲೆ ಹೊಡೆದ್ರೆ ಎಂಥಾ ಬಣ್ಣಾನೂ ಕಲ್ಲಾಗುತ್ತಂತೆ."

"ಇದನ್ನ ಬೆಳಿಗ್ಗೇನೇ ಕೇಳೋಕೇನಾಗಿತ್ತೋ?"

"ನೀವು ಕೇಳು ಅಂದಿರ್ಲಿಲ್ವಲ್ಲ."

ಭಾಮೈದ ಪೌಡರು ಒರೆಸಿ, ಒಂದೊಂದೇ ಬೆಂಚನ್ನು ವಾಲಿಸಿ, ಆ ದ್ರವವನ್ನು ಬಳಿದು ಮತ್ತೆ ನಿಲ್ಲಿಸಿದ. ಅವನ ಜೀವನದಲ್ಲಿ ಅಷ್ಟು ಹೊತ್ತು ಒಂದೇ ಸಮ ಕೆಲಸ ಮಾಡಿದ್ದನ್ನು ಅವನ ಅಕ್ಕನೂ ಕಂಡಿರಲಿಲ್ಲ. ಅವಳು ಮೆಚ್ಚಿ ಅವನಿಗೆ ಕಾಫಿ ಕೊಟ್ಟಳು. ನಿಮಿಷಪ್ಪನಿಗೆ ಕೊಡಲು ಮರೆತಳು.

ಸಂಜೆಗೆ ನಿಮಿಷಪ್ಪ ಉಸಿರು ಬಿಗಿಹಿಡಿದು ಬೆಂಚಿನ ಮೇಲೆ ಬೆರಳಿಟ್ಟ. ಬೆರಳು ಹಾಗೇ ಬಂತು. ಅಂಗೈ ಊರಿದ. ಕೊನೆಗೆ ಧೈರ್ಯ ಮಾಡಿ ಕೂತು, ಎದ್ದ. ಒಬ್ಬನೇ ಎದ್ದ. ಬೆಂಚು ಕಲ್ಲಿನಂತೆ ಒಣಗಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಳಗಿನಿಂದ ಮೊದಲ ಬಾರಿ ಅವನು ನಕ್ಕ. ದೊಡ್ಡ ಮೇಡಂಗೆ ಫೋನ್ ಮಾಡಿ, "ಬಂದು ನೋಡಿ ಮೇಡಂ. ಹೇಳಿದ ಮಾತು ಉಳಿಸಿಕೊಂಡಿದ್ದೀನಿ," ಎಂದ. ಗಾಡಿಯವನನ್ನೂ ಕರೆಸಿದ.

ಗಾಡಿಯವನು ಮೊದಲ ಬೆಂಚಿನ ಒಂದು ತುದಿ ಹಿಡಿದ, ನಿಮಿಷಪ್ಪ ಇನ್ನೊಂದು ತುದಿ. ಎತ್ತಿದರು. ಬೆಂಚು ಏಳಲಿಲ್ಲ. ಎರಡನೆಯದನ್ನು ಹಿಡಿದರು. ಅದೂ ಅಷ್ಟೇ. ನಿಮಿಷಪ್ಪ ನೆಲಕ್ಕೆ ಕೆನ್ನೆಯಿಟ್ಟು ಬೆಂಚಿನ ಕಾಲು ನೋಡಿದ. ಕಾಲು ಮತ್ತು ನೆಲದ ನಡುವೆ ಒಂದು ಕೂದಲೂ ತೂರುವಂತಿರಲಿಲ್ಲ.

ನಿಧಾನವಾಗಿ ತಲೆಯೆತ್ತಿ ಭಾಮೈದನನ್ನು ನೋಡಿದ. "ಕಾಲಿನ ತಳಕ್ಕೂ ಹೊಡೆದ್ಯಾ?"

"ಅದನ್ನ ಬಿಡ್ತೀನಾ ಭಾವ?" ಎಂದ ಅವನು, ಸ್ವಲ್ಪ ನೊಂದುಕೊಂಡೇ.

ಆ ಹೊತ್ತಿಗೆ ದೊಡ್ಡ ಮೇಡಂ ಬಂದರು. ಬೆಂಚುಗಳನ್ನು ಮುಟ್ಟಿ ನೋಡಿದರು, ಒಂದನ್ನು ಅಲುಗಿಸಿ ನೋಡಿದರು, ಆಮೇಲೆ ಹಾಲನ್ನು ಸುತ್ತ ನೋಡಿದರು. ಒಳ್ಳೆ ಬೆಳಕು, ಒಳ್ಳೆ ಗಾಳಿ.

"ಉಳಿ ತಂದು ಕಿತ್ತುಬಿಡ್ತೀನಿ ಮೇಡಂ," ಎಂದ ನಿಮಿಷಪ್ಪ.

"ಕಾಲು ಮುರಿದ್ರೆ? ಶಾಲೆಯ ಸ್ವತ್ತು. ಮೇಲಿನವರಿಗೆ ನಾನು ಉತ್ತರ ಕೊಡ್ಬೇಕು," ಎಂದರು ದೊಡ್ಡ ಮೇಡಂ. "ನಾಳೆ ಕ್ಲಾಸ್ ನಡೆಯೋ ಹಾಗೆ ಮಾಡಿಕೊಡ್ತೀನಿ ಅಂದ್ರಿ. ಮಾಡಿಕೊಟ್ಟಿದ್ದೀರಿ. ಬೇರೆ ಏರ್ಪಾಡು ಆಗೋವರೆಗೆ ಇಲ್ಲೇ ನಡೀಲಿ."

"ಇಲ್ಲೇ ಅಂದ್ರೆ?"

"ಆ ಕಿಟಕಿ ಪಕ್ಕದ ಮೇಜು ಟೀಚರಿಗೆ ಸರಿಹೋಗುತ್ತೆ. ಸಾಮಾನು ಸ್ವಲ್ಪ ತೆಗೀರಿ."

ಮರುದಿನ ಬೆಳಿಗ್ಗೆ ನಾಲ್ಕನೇ ಕ್ಲಾಸು ಪೂರ್ತಿ ಹಾಜರಾಯಿತು. ರಜೆಯಲ್ಲಿ ಬೀದಿಯ ಮಕ್ಕಳು ಮಾತ್ರ ಬರುತ್ತಿದ್ದರು, ಈಗ ಊರಿನ ಮೂಲೆಮೂಲೆಯಿಂದ ಬಂದರು. ಅವಳಿಗಳು ಹಾಸಿಗೆಯಿಂದ ಎದ್ದು ನೇರ ಬೆಂಚಿಗೆ ಬಂದು ಕೂತರು. ಎಲ್ಲರೂ ಒಂದೇ ದನಿಯಲ್ಲಿ ಮಗ್ಗಿ ಶುರುಮಾಡಿದಾಗ ಶೋಕೇಸಿನ ಗಾಜು ಅದುರಿತು. ಮಲಗುವ ಕೋಣೆಯಲ್ಲಿ ಗಡಿಯಾರ ಇಟ್ಟುಕೊಂಡು ಕೂತಿದ್ದ ನಿಮಿಷಪ್ಪನಿಗೆ ಟಿಕ್ಕೂ ಕೇಳಲಿಲ್ಲ, ಟಾಕೂ ಕೇಳಲಿಲ್ಲ. ಸಂಜೆ ಜಡ್ಜ್ ಬರುವವರಿದ್ದರು.

ಆಗ ಅವನಿಗೆ ಹೊಳೆಯಿತು. ನಾಲ್ಕನೇ ಕ್ಲಾಸು ತನ್ನ ಮನೆಯಲ್ಲಿದೆ ಅಂದ ಮೇಲೆ ನಾಲ್ಕನೇ ಕ್ಲಾಸಿನ ಕೋಣೆ ಖಾಲಿ ಇರಲೇಬೇಕು. ಶಾಲೆಯ ಹಿಂಬದಿಗೆ, ಒಂಟಿಯಾಗಿರುವ ಕೋಣೆ. ಮಕ್ಕಳಿಲ್ಲ, ಬೆಂಚಿಲ್ಲ, ಸದ್ದಿಲ್ಲ. ಇದು ನಿನ್ನೆಯೇ ಯಾಕೆ ತಲೆಗೆ ಬರಲಿಲ್ಲ ಎಂದು ತನ್ನನ್ನೇ ಬೈದುಕೊಂಡು, ಗಡಿಯಾರವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟ.

ಶಾಲೆಯ ಜವಾನ ಅವನನ್ನು ತಡೆಯಲಿಲ್ಲ. ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಒಳಗಿನಿಂದ ಚೂರೂ ಸದ್ದಿಲ್ಲ. ನಿಮಿಷಪ್ಪನ ಎದೆ ಹಗುರಾಯಿತು. ಭುಜದಿಂದ ಬಾಗಿಲು ತಳ್ಳಿ ಒಳಗೆ ಒಂದು ಹೆಜ್ಜೆ ಇಟ್ಟ. ಕಾಲು ಮೆತ್ತಗೆ ಹೂತಿತು. ಎತ್ತಲು ನೋಡಿದ. ಚಪ್ಪಲಿ ಅಲ್ಲೇ ಉಳಿಯಿತು.

ನಾಲ್ಕು ಗೋಡೆಯೂ ನೆಲವೂ ಫಳಫಳ ಹೊಳೆಯುತ್ತಿದ್ದವು. ದೂರದ ಮೂಲೆಯಲ್ಲಿ ಏಣಿಯ ಮೇಲೆ ಕೂತಿದ್ದ ಭಾಮೈದ ಬ್ರಷ್ ಹಿಡಿದ ಕೈಯನ್ನೇ ಅಡ್ಡ ಚಾಚಿದ.

"ಅಲ್ಲೇ ನಿಲ್ಲಿ ಭಾವ. ಬೆಂಚು ಹೇಗೂ ಇಲ್ಲವಲ್ಲ, ಕೋಣೆಗೂ ಒಂದು ಕೈ ಹೊಡೆದುಬಿಡು ಅಂದ್ರು ದೊಡ್ಡ ಮೇಡಂ. ನಿನ್ನೆ ಬೆಂಚು ನೋಡಿ ತುಂಬಾ ಮೆಚ್ಚಿಕೊಂಡ್ರು."

ನಿಮಿಷಪ್ಪನಿಗೆ ಗಂಟಲು ಒಣಗಿತು. ಅಲ್ಲಿ ಒಣಗಿದ್ದು ಅದೊಂದೇ. "ಇದಕ್ಕೂ ಎಣ್ಣೆ ಹಾಕಿದ್ಯಾ?"

"ಸ್ವಲ್ಪ."

"ಇದು ಒಣಗಿ, ಮಕ್ಕಳು ಇಲ್ಲಿಗೆ ಬರೋದು ಯಾವಾಗೋ?"

ಭಾಮೈದ ತಲೆಯೆತ್ತಲಿಲ್ಲ. ಬ್ರಷ್ಷನ್ನು ಡಬ್ಬದಲ್ಲಿ ಅದ್ದಿ, ಹೆಚ್ಚಾದ ಬಣ್ಣವನ್ನು ಅಂಚಿಗೆ ಒರೆಸಿ, ಮೂಲೆಯ ಸಂದಿಯೊಂದನ್ನು ತುಂಬತೊಡಗಿದ.

"ಒಂದು ನಿಮಿಷ," ಎಂದ.