ಅಕ್ಕನ ಶೇಂಗಾಕ್ಕೆ ನನ್ನ ಬಂದೂಕು

ಅಥವಾ ಅದು ಮಂಗಳವಾರ ಅಲ್ಲದೆಯೂ ಇರಬಹುದು. ಮಂಗಳವಾರ ಎಂದು ನಾನೇ ಎಲ್ಲರಿಗೂ ಹೇಳುತ್ತ ಬಂದವನು. ಹೇಳಿ ಹೇಳಿ ಅದು ಮಂಗಳವಾರವೇ ಆಗಿ ಕೂತಿದೆ. ಅಕ್ಕನ ಪ್ರಕಾರ ಅವಳು ಹುಲಿಗಿಗೆ ಹೋಗಿಬಂದ ಮರುದಿನ. ಅಲ್ಲಿನ ಹುಲಿಗೆಮ್ಮನ ಗುಡಿಗೆ ಅವಳು ಹೋಗುವುದೇ ಮಂಗಳವಾರ, ಹಾಗಾದರೆ ಬುಧವಾರ. ಮಂಗಳವಾರವಾದರೆ ರಜೆ ಇತ್ತು, ಬುಧವಾರವಾದರೆ ನಾನು ಕಚೇರಿಯಲ್ಲಿರಬೇಕಿತ್ತು. ಕಚೇರಿಯಲ್ಲಿ ನಾನಿದ್ದೆನೋ ಇಲ್ಲವೋ ಎಂಬುದು ಅಲ್ಲಿನವರಿಗೂ ಸಾಮಾನ್ಯವಾಗಿ ತಿಳಿಯುವುದಿಲ್ಲವಾದ್ದರಿಂದ ಆ ಕಡೆಯಿಂದಲೂ ಸಾಕ್ಷಿ ಸಿಗಲಾರದು. ವಾರ ಹಾಳಾಗಿ ಹೋಗಲಿ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಅದಕ್ಕಿಂತ ಸರಳವಾದದ್ದು: ಆ ಸಂಜೆ ನನ್ನ ಕೈಯಲ್ಲಿದ್ದ ಬಂದೂಕು ಹಾರಿತೋ, ಇಲ್ಲವೋ?

ಬಂದೂಕು ಹಿಡಿದವನಿಗೇ ಇದು ಗೊತ್ತಿಲ್ಲವೆಂದರೆ ನೀವು ನಗುತ್ತೀರಿ. ನಗಿ. ನಾನು ಕುಷ್ಟಗಿಯಲ್ಲಿ ಗುಮಾಸ್ತ. ನಮ್ಮ ಅಪ್ಪನಿಗೆ ಬೆಳೆ ಕಾಯುವ ಬಂದೂಕಿನ ಲೈಸನ್ಸ್ ಇತ್ತು. ಅಪ್ಪ ಹೋದ ಮೇಲೆ ಹೊಲವನ್ನು ಅಕ್ಕ ಗಂಗವ್ವ ನೋಡಿಕೊಂಡಳು, ಲೈಸನ್ಸು ನನ್ನ ಹೆಸರಿಗೆ ಬಂತು. ಮನೆಯಲ್ಲಿ ಯಾವುದು ಯಾರಿಗೆ ಬೇಕೋ ಅದು ಅವರಿಗೆ ಬರುವುದಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ. ಅಕ್ಕನ ಹೊಲ ತಾವರಗೇರಾದ ಆಚೆ, ಗುಡ್ಡದ ಬುಡದಲ್ಲಿ. ಹೊಲದ ಅಂಚಿಗೆ ಹಳ್ಳ, ಹಳ್ಳದ ತುಂಬ ಜಾಲಿ, ಜಾಲಿಯ ತುಂಬ ಕಾಡುಹಂದಿ. ಹೋದ ವರ್ಷ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಆ ಹಂದಿಗಳು ಇಡೀ ಹೊಲವನ್ನು ಯಾರೂ ಹೇಳದೆಯೇ ಉತ್ತುಬಿಟ್ಟಿದ್ದವು. ಈ ಸಲವೂ ಹಾಗಾದರೆ ಹೊಲವನ್ನು ಯಾರಿಗಾದರೂ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟು ಮನೆಯಲ್ಲಿ ಕೂತುಬಿಡುತ್ತೇನೆ ಎಂದು ಅಕ್ಕ ಹೇಳಿದ್ದಳು. ಅಕ್ಕ ಸುಮ್ಮನೆ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು.

ಅಪ್ಪನ ಹಳೆಯ ಬಂದೂಕಿನ ನಳಿಗೆ ಸೀಳಿತ್ತು. ಹೊಸದು ಕೊಳ್ಳಬೇಕು. ಇಲ್ಲಿ ನಾನು ಎಲ್ಲ ಓದು ಬಲ್ಲವರೂ ಮಾಡುವುದನ್ನು ಮಾಡಿದೆ. ಮೊಬೈಲಿನಲ್ಲಿ ನೋಡತೊಡಗಿದೆ. ಅಮೆರಿಕದಲ್ಲಿ ದನ ಕಟ್ಟಿಕೊಂಡ ದೊಡ್ಡ ರೈತರು ಇಟ್ಟುಕೊಳ್ಳುವ ಒಂದು ರೈಫಲ್ ಇದೆ. ಅದನ್ನು ಕೊಂಡವರು ಟೊಪ್ಪಿಗೆ ಹಾಕಿಕೊಂಡು, ಬೇಲಿಗೆ ಒರಗಿ, ತಾವು ಅದನ್ನೇ ಯಾಕೆ ಆರಿಸಿದೆವು, ಹೊಡೆದರೆ ಹೇಗಿರುತ್ತದೆ ಎಂದು ಗಂಟೆಗಟ್ಟಲೆ ಹೇಳುತ್ತಾರೆ. ಅದರ ಮುಖ್ಯ ಗುಣವೆಂದರೆ ಒಂದು ಗುಂಡು ಹಾರಿದ ಕೂಡಲೇ ಖಾಲಿ ಕೊಳವೆ ತಾನೇ ಆಚೆ ಬಿದ್ದು ಮುಂದಿನ ಗುಂಡು ತಾನೇ ಬಂದು ಕೂಡುತ್ತದೆ; ಹಿಡಿದವನು ಬೆರಳನ್ನಷ್ಟೇ ಆಡಿಸಿದರಾಯಿತು. ಒಂದು ತಿಂಗಳು ಊಟ ಮಾಡುವಾಗ, ಕಚೇರಿಯಲ್ಲಿ, ಬಸ್ಸಿನಲ್ಲಿ ಅದನ್ನೇ ನೋಡಿದೆ. ಆ ರೈತರ ನಡುವಿನ ಜಗಳಗಳಲ್ಲಿ ಯಾರ ಪಕ್ಷ ವಹಿಸಬೇಕೆಂದು ತೀರ್ಮಾನಿಸುವಷ್ಟು ಮುಂದುವರಿದೆ. ನನ್ನ ಹೆಂಡತಿ ಒಮ್ಮೆ ಇಣುಕಿ ನೋಡಿ, ಇವರಿಗೆ ಶೇಂಗಾ ಇಲ್ಲವೇ ಎಂದು ಕೇಳಿದಳು. ಇರಲಿಲ್ಲ. ಎಲ್ಲಿ ನೋಡಿದರೂ ಬರೀ ಹುಲ್ಲು.

ಬಂದೂಕು ಆರಿಸಲು ಹುಬ್ಬಳ್ಳಿಗೆ ಹೋದಾಗ ಜೊತೆಗೆ ಖಾದರಸಾಬ ಬಂದಿದ್ದ. ನಮ್ಮ ಕಚೇರಿಯಲ್ಲಿ ಡ್ರೈವರನಾಗಿ ನಿವೃತ್ತನಾದವನು. ಊರು ಕಾರಟಗಿ, ಭತ್ತದ ಗದ್ದೆ ಇದ್ದವನು, ಮನೆಯಲ್ಲಿ ಲೈಸನ್ಸ್ ಬಂದೂಕು ಇದ್ದವನು. ನಾನು ಅಂಗಡಿಯವನ ಮುಂದೆ ಅಮೆರಿಕದ ರೈಫಲಿನ ಗುಣಗಾನ ಮಾಡಿದೆ. ಆತ ಕೊನೆಯವರೆಗೂ ಕೇಳಿಸಿಕೊಂಡ, ಗಿರಾಕಿ ಕಡಿಮೆ ಇದ್ದರೆಂದು ಕಾಣುತ್ತದೆ. ಆಮೇಲೆ, ಅದನ್ನು ನಮ್ಮ ದೇಶದಲ್ಲಿ ನಿಮಗೂ ಕೊಡುವುದಿಲ್ಲ ನನಗೂ ಕೊಡುವುದಿಲ್ಲ, ಒಂಟಿ ನಳಿಗೆ ಇದೆ, ಜೋಡಿ ನಳಿಗೆ ಇದೆ, ಯಾವುದು ಎಂದು ಕೇಳಿದ.

ಖಾದರಸಾಬ ಜೋಡಿ ಎಂದ. ನಾನು ಎರಡನ್ನೂ ಎತ್ತಿ ಹಿಡಿದು ನೋಡಿದೆ. ಜೋಡಿ ನಳಿಗೆಗೆ ಎರಡು ಟ್ರಿಗರ್. ಹಂದಿ ಮುಂದೆ ನಿಂತಾಗ ಯಾವುದನ್ನು ಎಳೆಯಬೇಕೆಂಬ ಗೊಂದಲ ಯಾರಿಗೆ ಬೇಕು? ಒಂದು ನಳಿಗೆ, ಒಂದು ಟ್ರಿಗರ್, ಒಂದು ಕಾಡತೂಸು. ಗೊಂದಲಕ್ಕೆ ಜಾಗವೇ ಇಲ್ಲ ಎಂದು ಒಂಟಿ ನಳಿಗೆಯನ್ನೇ ಆರಿಸಿದೆ.

ಖಾದರಸಾಬ, "ಹೊಡದ ಮ್ಯಾಲೆ ನಡು ಮಡಚಿ, ಖಾಲಿದು ತಗದು, ಕೈಲೇ ಹೊಸಾದು ಹಾಕಬೇಕ್ರೀ ಸಾಹೇಬ್ರ. ಮರೀಬ್ಯಾಡ್ರಿ," ಎಂದ.

ಮರೆಯುವುದೇನು ಬಂತು ಎಂದೆ. ಹಾಗೆ ಅಂದದ್ದು ಚೆನ್ನಾಗಿ ನೆನಪಿದೆ.

ಬಂದೂಕನ್ನು ಚಾದರದಲ್ಲಿ ಸುತ್ತಿ ತಾವರಗೇರಾದ ಬಸ್ಸಿನಲ್ಲಿ ಒಯ್ಯುವಾಗ ಕಂಡಕ್ಟರು ತಂಬೂರಿಯೇ ಎಂದು ಕೇಳಿದ. ಹೌದೆಂದೆ. ಹಿಂದಿನ ಸೀಟಿನ ಮುದುಕರೊಬ್ಬರು, ಹಾಗಾದರೆ ಒಂದು ಪದ ಆಗಲಿ ಎಂದರು. ಗಂಟಲು ಕೆಟ್ಟಿದೆ ಎಂದು ಹೇಳಿ, ಇಳಿಯುವವರೆಗೂ ಕೆಮ್ಮುತ್ತ ಕೂತೆ. ಇದನ್ನು ನಾನು ಹೇಳಿದಾಗಲೆಲ್ಲ ಖಾದರಸಾಬ ಸುಮ್ಮನೆ ನಗುತ್ತಾನೆ. ಒಮ್ಮೆ ಮಾತ್ರ, ಅದು ನಡೆದದ್ದು ತನ್ನ ಸೋದರಮಾವನಿಗೆ, ಗಂಗಾವತಿ ಬಸ್ಸಿನಲ್ಲಿ ಎಂದ. ಆದರೆ ಕೆಮ್ಮಿದ್ದು ನನಗೆ ನೆನಪಿದೆಯಲ್ಲ?

ಇನ್ನು ಆ ದಿನ. ಬೆಳಿಗ್ಗೆ ಅಕ್ಕನ ಮನೆಯಂಗಳದಲ್ಲಿ ಬಂದೂಕಿಗೆ ಪೂಜೆಯಾಯಿತು. ಅಕ್ಕ ಕುಂಕುಮ ಹಚ್ಚಿದಳು, ನಿಂಬೆಹಣ್ಣು ಕಟ್ಟಿದಳು, ಕಾಯಿ ಒಡೆದಳು. ಕೊಲ್ಲಬಾರದು, ಅಂಜಿಸಿದರೆ ಸಾಕು ಎಂದು ಬಂದೂಕಿಗೇ ತಿಳಿಹೇಳಿದಳು. ಓಣಿಯವರೆಲ್ಲ ನೆರೆದಿದ್ದರು, ಖಾದರಸಾಬನೂ ಇದ್ದ. ನಾನು ಆಕಾಶಕ್ಕೆ ಒಂದು ಹಾರಿಸಿದೆ. ಈ ಗುಂಡಿನ ಬಗ್ಗೆ ಯಾರಿಗೂ ಸಂಶಯವಿಲ್ಲ. ಕೋಳಿಗಳು ಮಾಳಿಗೆ ಹತ್ತಿದವು, ನನ್ನ ಬಲ ಭುಜ ಮೇಲೆತ್ತಲು ಬಾರದಂತಾಯಿತು. ಎಲ್ಲರೂ ಶಹಬ್ಬಾಸ್ ಅಂದರು. ಚಹಾ ಬಂತು. ಚಹಾ ಬರುವ ಮೊದಲು ನಾನು ಖಾಲಿ ಕೊಳವೆಯನ್ನು ತೆಗೆದು ಹೊಸ ಕಾಡತೂಸು ಹಾಕಿದೆನೇ? ಒಂದು ತಿಂಗಳು ಮೊಬೈಲಿನಲ್ಲಿ ಕಲಿತ ಕೈ ಅದು. ಹಿಂದಿನ ದಿನ ಅಭ್ಯಾಸ ಮಾಡಿದ್ದರೂ ಆ ಕೈಗೆ ಗಟ್ಟಿಯಾಗಿ ಗೊತ್ತಿದ್ದದ್ದು ಇಷ್ಟೇ: ಒಂದು ಹಾರಿದರೆ ಇನ್ನೊಂದು ತಾನೇ ಬಂದು ಕೂಡುತ್ತದೆ.

ಹೊತ್ತು ಮುಳುಗುವಾಗ ಹೊಲಕ್ಕೆ ಹೋದೆವು. ಒಂದು ಬದುವಿನ ಮೇಲೆ ನಾನು, ನಡುವೆ ಅಟ್ಟಣಿಗೆಯಲ್ಲಿ ಅಕ್ಕ, ಆಚೆ ತುದಿಗೆ ಖಾದರಸಾಬ. ಅವನು ನನ್ನ ಬಂದೂಕನ್ನು ಅಷ್ಟಾಗಿ ನಂಬಿದವನಲ್ಲ. ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡ್ ಹಾಕಿ, ನೀರು ಬಿಟ್ಟು, ಕಿಡಿ ಹಚ್ಚಿ ಢಂ ಅನ್ನಿಸುವ ಸಾಧನವೊಂದನ್ನು ತಂದಿದ್ದ. ಜಾಲಿಯೊಳಗೆ ಸದ್ದಾಯಿತು. ಒಂದು ಹಂದಿ ಹೊರಬಂತು, ಅದರ ಹಿಂದೆ ಉಳಿದವೂ ಬಂದವು. ದೊಡ್ಡದು ನನ್ನ ಕಡೆ ಮೂತಿ ಎತ್ತಿ ನೋಡಿತು. ನಾನು ನಳಿಗೆಯನ್ನು ಮೇಲೆ ಮಾಡಿದೆ, ಕಣ್ಣು ಮುಚ್ಚಿದೆ, ಎಳೆದೆ. ಢಂ ಎಂದಿತು. ಕಣ್ಣು ಬಿಟ್ಟಾಗ ಹಂದಿಗಳಿರಲಿಲ್ಲ. ಜಾಲಿ ಅಲುಗುತ್ತಿತ್ತು.

ಅಕ್ಕ ಅಟ್ಟಣಿಗೆಯಿಂದಲೇ ತಮ್ಮನನ್ನು ಹೊಗಳುತ್ತ ಇಳಿದಳು. ಖಾದರಸಾಬ ಓಡಿಬಂದು, "ಹೆಂಗೈತ್ರಿ ನನ್ನ ಪೈಪು?" ಎಂದ.

ಪೈಪು ಹೊಡೆದಿತ್ತೇ ಎಂದು ಕೇಳಿದೆ. ಹೊಡೆದಿತ್ತು, ನಿಮ್ಮದು ಹೊಡೆಯಿತೇ ಎಂದು ಅವನು ಕೇಳಿದ. ಎಷ್ಟು ಸದ್ದು ಕೇಳಿತು ಎಂದು ಇಬ್ಬರೂ ಅಕ್ಕನನ್ನು ಕೇಳಿದೆವು. ಒಂದು, ಆದರೆ ಭಾಳ ದೊಡ್ಡದು ಎಂದಳು. ಅಲ್ಲಿಗೆ ಎಲ್ಲ ಕೆಟ್ಟಿತು.

ಬಂದೂಕನ್ನು ಮಡಚಿ ನೋಡಿದೆವು. ಒಂದು ಖಾಲಿ ಕೊಳವೆ ಇತ್ತು. ಬೆಳಗಿನದೋ, ಸಂಜೆಯದೋ ಎಂದು ಅದರ ಮೇಲೆ ಬರೆದಿರಲಿಲ್ಲ. ಬೆಳಿಗ್ಗೆ ನಾನು ಹೊಸದನ್ನು ಹಾಕಿದ್ದರೆ ಅದು ಸಂಜೆಯದು, ನಾನು ಹೊಡೆದಿದ್ದೇನೆ. ಹಾಕದಿದ್ದರೆ ಅದು ಬೆಳಗಿನದು, ನಾನು ಹಾರಿಹೋದ ಕಾಡತೂಸಿನ ಮೇಲೆಯೇ ಟ್ರಿಗರ್ ಎಳೆದಿದ್ದೇನೆ, ಹಂದಿಗಳನ್ನು ಓಡಿಸಿದ್ದು ಪೈಪು. ಅಕ್ಕ, ನೀನು ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ ಎಂದಳು. ಆಕೆ ಆಗ ಚಹಾ ಮಾಡಲು ಒಳಗಿದ್ದಳು. ಖಾದರಸಾಬ, ಬಂದೂಕನ್ನು ಗೋಡೆಗೆ ಆನಿಸಿ ಚಹಾದ ಬಸಿ ಹಿಡಿದಿರಿ ಎಂದ. ಅವನು ಪೈಪಿನ ಮಾಲೀಕ. ಭುಜದ ನೋವನ್ನು ಕೇಳೋಣವೆಂದರೆ ಅದು ಬೆಳಗಿನಿಂದಲೂ ಇತ್ತು. ಕಾಡತೂಸು ಎಣಿಸಬಹುದಿತ್ತು, ಆದರೆ ಹಿಂದಿನ ದಿನ ಗುಡ್ಡದ ಹಿಂದೆ ಅಭ್ಯಾಸಕ್ಕೆಂದು ಎಷ್ಟು ಹಾರಿಸಿದ್ದೆ ಎಂಬುದು ಯಾರಿಗೆ ಗೊತ್ತು? ಮರುದಿನ ಅಂಗಳವೆಲ್ಲ ಹುಡುಕಿದೆ. ಖಾಲಿ ಕೊಳವೆ ಸಿಗಲಿಲ್ಲ. ಸಿಗದಿರುವುದರಿಂದ ಏನು ಸಿದ್ಧವಾಗುತ್ತದೆ? ಅಕ್ಕ ಅಂಗಳವನ್ನು ದಿನಾ ಎರಡು ಸಲ ಗುಡಿಸುತ್ತಾಳೆ.

ಇದು ನನ್ನ ಮರ್ಯಾದೆಯ ಪ್ರಶ್ನೆ ಮಾತ್ರವಾಗಿದ್ದರೆ ನಾನೇ ಹೊಡೆದೆ ಎಂದು ಹೇಳಿ ಮುಗಿಸುತ್ತಿದ್ದೆ. ಆದರೆ ಶೇಂಗಾ ಕೀಳಲು ಇನ್ನೂ ದಿನಗಳಿದ್ದವು. ಹಂದಿ ಅಂಜಿದ್ದು ಪೈಪಿಗಾದರೆ ಅಕ್ಕ ಒಬ್ಬಳೇ ಹೊಲ ಕಾಯಬಲ್ಲಳು, ಪೈಪಿಗೆ ಲೈಸನ್ಸ್ ಬೇಕಿಲ್ಲ. ಬಂದೂಕಿಗಾದರೆ ನಾನು ದಿನಾ ಸಂಜೆ ಕುಷ್ಟಗಿಯಿಂದ ಬರಬೇಕು, ಅದನ್ನು ನಾನಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ. ತಪ್ಪು ಆರಿಸಿದರೆ ಹೊಲ ಹೋಯಿತು. ನಾನು ಒಂದು ಉಪಾಯ ಹೇಳಿದೆ: ಮುಂದಿನ ಸಲ ಹಂದಿ ಬಂದಾಗ ಪೈಪು ಇಲ್ಲವೇ ಬಂದೂಕು, ಒಂದನ್ನೇ ಹೊಡೆದು ನೋಡೋಣ.

ಅಕ್ಕ ಒಪ್ಪಲಿಲ್ಲ. "ನಿನ್ನ ಪರೀಕ್ಷಾಕ್ಕ ನನ್ನ ಶೇಂಗಾ ಇಡ್ಲೇನೋ ತಮ್ಮಾ? ಹಂದಿ ಯಾವುದಕ್ಕ ಅಂಜತೈತೋ ಅದಕ್ಕ ಅಂಜಲಿ. ನೀವಿಬ್ಬರೂ ಬರ್ರಿ."

ಇಬ್ಬರೂ ಬಂದೆವು. ನಾನು ಬದುವಿನ ಮೇಲೆ, ಖಾದರಸಾಬ ಆಚೆ ತುದಿಗೆ. ಪ್ರತಿ ಸಂಜೆ ಬಂದೂಕನ್ನು ಮಡಚಿ ಅಕ್ಕನಿಗೆ ಕಾಡತೂಸು ತೋರಿಸಿಯೇ ಕೂಡುತ್ತಿದ್ದೆ. ಹಂದಿಗಳು ಮತ್ತೆ ಬರಲೇ ಇಲ್ಲ. ಬಾರದ ಹಂದಿಗೆ ಯಾವುದರ ಹೆದರಿಕೆ ಎಂದು ಹೇಗೆ ಕೇಳುವುದು? ಅಥವಾ ಹೆದರಿಕೆಯೇ ಅಲ್ಲದೆ, ಹಳ್ಳದ ಆಚೆ ಅದೇ ವಾರ ಮೆಕ್ಕೆಜೋಳ ಹಾಲುಗಟ್ಟಿತ್ತು ಎಂಬ ಮೂರನೆಯ ಮಾತನ್ನು ಖಾದರಸಾಬ ಹೇಳಿದಾಗ ನಾವಿಬ್ಬರೂ ಒಟ್ಟಿಗೇ ಆ ವಿಷಯವನ್ನು ಬಿಟ್ಟೆವು.

ಶೇಂಗಾ ಕಿತ್ತಾಯಿತು. ಗಿಡದ ತುಂಬ ಕಾಯಿ. ಅಕ್ಕ ಲಾವಣಿಯ ಮಾತು ಮತ್ತೆ ಎತ್ತಲಿಲ್ಲ. ಬರುವ ವರ್ಷಕ್ಕೆಂದು ಬೀಜದ ಕಾಯಿ ಆರಿಸುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಹಸಿ ಕಾಯಿ ಸುಲಿದು ತಿನ್ನುತ್ತಿದ್ದೆ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಅವಳು ಮೆಲ್ಲಗೆ ಕೇಳಿದಳು.

"ಖರೇ ಹೇಳು. ಅವತ್ತ ನೀ ಹೊಡದಿ, ಹೌದಿಲ್ಲೋ?"

ಹೌದು ಎಂದರೆ ಅವಳಿಗೆ ಸಂತೋಷವಾಗುತ್ತಿತ್ತು. ಅಲ್ಲ ಎಂದರೂ ಬೈಯುತ್ತಿರಲಿಲ್ಲ, ಬೆಳೆ ಕೈಗೆ ಬಂದಿತ್ತು. ಎರಡರಲ್ಲಿ ಯಾವುದನ್ನಾದರೂ ಹೇಳಲು ಬಾಯಿ ತೆರೆದೆ. ಮುಚ್ಚಿದ ಕಣ್ಣು ನೆನಪಿದೆ, ಎಳೆದ ಬೆರಳು ನೆನಪಿದೆ, ಢಂ ಎಂದದ್ದು ನೆನಪಿದೆ. ಸದ್ದು ನನ್ನ ಕೈಯಿಂದ ಹೋಯಿತೋ, ನನ್ನ ಕಿವಿಗೆ ಬಂತೋ, ಅದೊಂದು ಇಲ್ಲ.

"ಗೊತ್ತಿಲ್ಲಕ್ಕಾ," ಎಂದೆ.

ಇವತ್ತಿಗೂ ಗೊತ್ತಿಲ್ಲ.