ಗಚ್ಚಿಯ ಮೇಲೊಂದು ಕಪ್ಪು ಬಾವುಟ

ನಾನು ಈವರೆಗೆ ಯಾರನ್ನೂ ವಿರೋಧಿಸಿದವನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕ್ಷೌರದವನು ತಲೆಯ ಎಡಬದಿಯನ್ನು ಹೆಚ್ಚು ಕತ್ತರಿಸಿ, ಕನ್ನಡಿ ಹಿಡಿದು "ಸಾಹೇಬ, ಠೀಕ್ ಆಹೇ ನಾ?" ಎಂದರೆ ಠೀಕ್ ಅನ್ನುತ್ತೇನೆ. ಆಮೇಲೆ ಬಲಬದಿ ಕೂದಲು ಬೆಳೆಯದಿರಲೆಂದು ದೇವರಿಗೆ ಬೇಡಿಕೊಳ್ಳುತ್ತೇನೆ. ಆಫೀಸಿನಲ್ಲಿ ಮೂವರು ಸಾಹೇಬರ ಕೈಕೆಳಗೆ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದೆ. ಮೂವರ ಅಭಿಪ್ರಾಯಗಳೂ ಬೇರೆ ಬೇರೆ, ಮೂರೂ ನನ್ನವೇ ಆಗಿದ್ದವು. ನಮ್ಮಪ್ಪ ಬಾಗಲಕೋಟೆಯಲ್ಲಿ ಕುಳಿತು "ಇಂವಗ ಬೆನ್ನೆಲುಬು ಹಾಕೂದು ಮರತಾನ ನೋಡು ದೇವರು" ಎನ್ನುತ್ತಿದ್ದ. ನಾನು ಅದಕ್ಕೂ ಹೌದ್ರಿ ಅಪ್ಪಾ ಎನ್ನುತ್ತಿದ್ದೆ. ಇಂಥ ನಾನು, ದಿಲ್ಲಿಯಿಂದ ಬಂದ ದೊಡ್ಡ ನಾಯಕರೊಬ್ಬರಿಗೆ ಹಾಡಹಗಲೇ ಕಪ್ಪು ಬಾವುಟ ತೋರಿಸಿದ ಧೀರನೆಂದು ಪುಣೆಯ ಕೋಥರೂಡಿನ ಒಂದು ಓಣಿಯಲ್ಲಿ ಕೆಲವು ವಾರಗಳ ಮಟ್ಟಿಗಾದರೂ ಹೆಸರಾಗಿದ್ದೆ. ಅದು ಹೇಗಾಯಿತೆಂದು ಹೇಳಿಬಿಟ್ಟರೆ ಮನಸ್ಸು ಹಗುರಾಗುತ್ತದೆ.

ನಮ್ಮದು ಹದಿನಾರು ಮನೆಗಳ ಸೊಸೈಟಿ. ಕೆಳಗಿನ ಮನೆಯ ಆಪಟೆಯವರು ಸೊಸೈಟಿಯ ಕಾರ್ಯದರ್ಶಿ, ಒಂದು ಪಕ್ಷದ ಕಟ್ಟಾಳು. ಎರಡನೆಯ ಮಹಡಿಯ ಮೋರೆಯವರು ಇನ್ನೊಂದು ಪಕ್ಷದವರು. ನಾನು ಮೂರನೆಯ ಮಹಡಿ. ಇಬ್ಬರನ್ನೂ ದಾಟದೆ ನನ್ನ ಮನೆ ಸೇರುವ ಹಾಗಿಲ್ಲ. ಆ ಸಲದ ಲೋಕಸಭಾ ಚುನಾವಣೆಯಲ್ಲಿ ಒಂದು ಮೋಜು ಆಗಿತ್ತು. ಹಿಂದಿನ ಸಲ ಆಪಟೆಯವರ ಪಕ್ಷದಿಂದ ನಿಂತಿದ್ದವರು ಈಗ ಮೋರೆಯವರ ಪಕ್ಷಕ್ಕೆ ಹೋಗಿದ್ದರು, ಮೋರೆಯವರ ಹುರಿಯಾಳು ಆಪಟೆಯವರ ಕಡೆಗೆ ಬಂದಿದ್ದರು. ಹೀಗಾಗಿ ಐದು ವರ್ಷ ಬೈದವರನ್ನು ಹೊಗಳುವ, ಹೊಗಳಿದವರನ್ನು ಬೈಯುವ ಕೆಲಸ ಇಬ್ಬರ ಮೇಲೂ ಬಿದ್ದಿತ್ತು. ಪಾಪ, ಇಬ್ಬರೂ ಒಂದೇ ವಾರದಲ್ಲಿ ಅದನ್ನು ರೂಢಿ ಮಾಡಿಕೊಂಡರು. ಮೆಟ್ಟಿಲ ಮೇಲೆ ಸಿಕ್ಕಾಗ ಇಬ್ಬರೂ ನನ್ನ ಮತವನ್ನು ವಿಚಾರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ನನ್ನ ಸ್ಕೂಟರಿನ ಮುಂದೆ ಆಪಟೆ ತಮ್ಮ ಚಿಹ್ನೆಯ ಸ್ಟಿಕರ್ ಅಂಟಿಸಿದರು, ಹಿಂದೆ ಮೋರೆ ತಮ್ಮದನ್ನು ಅಂಟಿಸಿದರು. ಸ್ಕೂಟರಿನ ಮೂತಿ ಆಪಟೆಯವರ ಕಿಟಕಿಯ ಕಡೆಗೂ ಬೆನ್ನು ಮೋರೆಯವರ ಗ್ಯಾಲರಿಯ ಕಡೆಗೂ ಇರುವಂತೆ ನಿಲ್ಲಿಸುವುದನ್ನು ನಾನು ಕಲಿತುಕೊಂಡೆ. ರಾಜಕೀಯದಲ್ಲಿ ನಾನು ಮಾಡಿದ ಸಾಧನೆ ಅದೊಂದೇ.

ಈಗ ನಮ್ಮ ಮನೆಯ ಚುನಾವಣೆಗೆ ಬರುತ್ತೇನೆ. ಮಗಳು ವೀಣಾಳ ಲಗ್ನ ಮೇ ತಿಂಗಳಲ್ಲಿ ಗೊತ್ತಾಗಿತ್ತು. ಬೀಗರು ಸೊಲ್ಲಾಪುರದವರು. ನಮ್ಮ ಕಡೆ ಲಗ್ನದಲ್ಲಿ ರುಖವತ ಎಂದೊಂದು ಇರುತ್ತದೆ. ಹೆಣ್ಣಿನ ಕಡೆಯವರು ಮನೆಯಲ್ಲಿ ಮಾಡಿದ ತಿಂಡಿತಿನಿಸುಗಳನ್ನೆಲ್ಲ ಮಂಟಪದ ಬದಿಯಲ್ಲಿ ಮೇಜಿನ ಮೇಲೆ ಜೋಡಿಸಿಡಬೇಕು, ಗಂಡಿನ ಕಡೆಯ ಹೆಂಗಸರು ಅದರ ಮುಂದೆ ಹಾಯ್ದು ಒಂದೊಂದನ್ನೂ ನೋಡಿ ಹುಬ್ಬು ಏರಿಸಬೇಕು ಇಲ್ಲವೆ ಇಳಿಸಬೇಕು. ನಿಶ್ಚಯದ ದಿನ ಬೀಗಿತ್ತಿ ನನ್ನ ಹೆಂಡತಿ ಸುಮಿತ್ರಾಳಿಗೆ, "ಬಾಗಲಕೋಟಿ ಕಡೆ ಕುರುಡಿಗಿ ಕರದ್ರ ತಾಟಿನ ತುಂಬ ಅರಳ್ತಾವಂತ. ನೋಡೋಣಂತ ಲಗ್ನದಾಗ" ಎಂದು ನಗುತ್ತ ಹೇಳಿ ಹೋಗಿದ್ದರು. ಕುರುಡಿಗಿ ಎಂದರೆ ಗೋಧಿಯ ಹಾಲಿನಿಂದ ಮಾಡುವ ಸಂಡಿಗೆ. ಆ ನಗುವಿನಿಂದ ಸುಮಿತ್ರಾ ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಪ್ಯಾಟಿಯಿಂದ ತಂದರಾಯ್ತಲ್ಲ ಎಂದು ನಾನೊಮ್ಮೆ ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ನಾನು ಕೂಡಲೇ ನನ್ನ ಮಾತನ್ನು ನಾನೇ ಖಂಡಿಸಿದೆ.

ಕುರುಡಿಗಿಯ ತೊಂದರೆ ಏನೆಂದರೆ, ಅದನ್ನು ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲ. ಗೋಧಿಯನ್ನು ಮೂರು ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ರುಬ್ಬಿ, ಹಾಲು ಹಿಂಡಿ ಕುದಿಸಬೇಕು. ಆ ಹಿಟ್ಟನ್ನು ಬಿಸಿ ಇರುವಾಗಲೇ ಶ್ಯಾವಿಗೆ ಒತ್ತುವ ಹಿತ್ತಾಳೆಯ ಒತ್ತಿನಲ್ಲಿ ತುಂಬಿ, ಸುರುಳಿ ಸುರುಳಿಯಾಗಿ ಬಟ್ಟೆಯ ಮೇಲೆ ಒತ್ತಿ, ಬಿಸಿಲಿಗೆ ಬಿಡಬೇಕು. ಒಂದು ದಿನ ತಡವಾದರೆ ಹುಳಿ ಹಿಡಿಯುತ್ತದೆ. ಸುಮಿತ್ರಾ ಮೂರನೆಯ ದಿನದ ಗೋಧಿಯ ನೀರು ಬದಲಿಸುತ್ತಿದ್ದಾಗ ಆಪಟೆಯವರು ಪೊಲೀಸ್ ಠಾಣೆಯ ಚೀಟಿ ಹಿಡಿದು ಬಂದರು. ಮರುದಿನ ನಮ್ಮ ಹಿಂದಿನ ಮೈದಾನದಲ್ಲಿ ಅವರ ಪಕ್ಷದ ದೊಡ್ಡ ನಾಯಕರು ಹೆಲಿಕಾಪ್ಟರಿನಿಂದ ಇಳಿಯುವವರಿದ್ದರು. ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಸುತ್ತಲಿನ ಯಾವ ಗಚ್ಚಿಯ, ಎಂದರೆ ತಾರಸಿಯ, ಮೇಲೂ ನರಪಿಳ್ಳೆ ಇರಕೂಡದು. ಬಾಂಬಿನ ಭಯದ ಕಾಲ ಅದು. ಬಸ್ಸಿನಲ್ಲಿ ಯಾರಾದರೂ ಊಟದ ಡಬ್ಬಿ ಮರೆತು ಇಳಿದರೆ ಬಸ್ಸೇ ಖಾಲಿಯಾಗುತ್ತಿತ್ತು. ಗಚ್ಚಿಯ ಕೀಲಿ ಸೊಸೈಟಿಯಲ್ಲಿ ತಿಂಗಳಿಗೊಬ್ಬರ ಪಾಳಿ. ಆ ತಿಂಗಳು ನಮ್ಮದಿತ್ತು. "ತುಮಚೀ ಜವಾಬದಾರಿ" ಎಂದು ಆಪಟೆ ಬೆರಳು ತೋರಿಸಿದರು. ನಾನು ತಲೆಯಾಡಿಸಿದೆ.

"ಏಳು ಗಂಟೆಕ್ಕಲಾ?" ಎಂದು ಸುಮಿತ್ರಾ ಒಳಗಿನಿಂದ ಕೇಳಿದಳು. "ನಾವು ಆರೂವರೆಕ್ಕ ಮುಗಸೋಣ. ಒಮ್ಮೆ ಹಾಕಿ ಬಂದ್ರ ಆತು, ಬಿಸಿಲಿಗೇನು ಪೊಲೀಸರ ಪರ್ಮಿಶನ್ ಬೇಕಾ?" ಮರುದಿನ ಬೆಳ್ಳಿ ಮೂಡುವ ಹೊತ್ತಿಗೆ ನಾವು ಮೂವರೂ ಗಚ್ಚಿಯಲ್ಲಿದ್ದೆವು. ಹಾಸಿದ ಹಳೆಯ ಧೋತರಗಳ ತುಂಬ ಬೆಳ್ಳನೆಯ ಕುರುಡಿಗಿ ಕುಳಿತವು. ಎಲ್ಲ ಮುಗಿದ ಮೇಲೆ ಅವಳಿಗೆ ನೆನಪಾಯಿತು, ಕಾಗೆಗಳನ್ನು ಓಡಿಸಲು ಮೇಲೆ ಯಾರೂ ಇರುವಂತಿಲ್ಲ. ಆಗ ನನ್ನ ಬುದ್ಧಿ ಓಡಿತು. ಅದು ಹಾಗೆ ಓಡುವುದು ಅಪರೂಪ, ಓಡಿದಾಗಲೆಲ್ಲ ನಮಗೆ ಕೇಡಾಗಿದೆ. ನಮ್ಮವ್ವ ಊರಿನ ಮಾಳಿಗೆಯ ಮೇಲೆ ಹಪ್ಪಳ ಹಾಕಿದಾಗ ಒಂದು ಕೋಲಿಗೆ ಕರಿ ಅರಿವೆ ಕಟ್ಟುತ್ತಿದ್ದಳು. ಕಪ್ಪಗೆ ಅಲುಗಾಡುವುದನ್ನು ಕಂಡರೆ ಕಾಗೆ ಹತ್ತಿರ ಸುಳಿಯುವುದಿಲ್ಲ. ನಾನು ಕೆಳಗೆ ಹೋಗಿ ಸುಮಿತ್ರಾಳ ಹಳೆಯ ಕರಿ ಪರಕರ, ಎಂದರೆ ಸೀರೆಯೊಳಗೆ ಉಡುವ ಲಂಗ, ತಂದು, ಬಟ್ಟೆ ಒಣಗಿಸುವ ಬಿದಿರಿನ ತುದಿಗೆ ಅದನ್ನು ಕಟ್ಟಿ, ನೀರಿನ ಟಾಕಿಯ ಪಕ್ಕ ಎತ್ತರಕ್ಕೆ ನಿಲ್ಲಿಸಿದೆ. ಗಾಳಿ ಚೆನ್ನಾಗಿತ್ತು. ಏಳಕ್ಕೆ ಐದು ನಿಮಿಷ ಇರುವಾಗ ಕಾನೂನಿನ ಪ್ರಕಾರ ಬೀಗ ಹಾಕಿ ಕೆಳಗೆ ಬಂದು ಚಹಾ ಕುಡಿದೆ.

ಒಂಬತ್ತರ ಸುಮಾರಿಗೆ ಮೋರೆಯವರು ಬಾಗಿಲು ಬಡಿದರು. ಒಳಗೆ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. ಇಷ್ಟು ದಿನ ನಿಮ್ಮನ್ನು ಪುಕ್ಕಲರೆಂದು ತಿಳಿದಿದ್ದೆ, ಕ್ಷಮಿಸಿ, ನಮ್ಮ ಹುಡುಗರಿಂದಲೂ ಆಗದ ಕೆಲಸ ಮಾಡಿಬಿಟ್ಟಿರಿ ಎಂದು ಮರಾಠಿಯಲ್ಲಿ ಗದ್ಗದಿಸಿದರು. ನಾನು ಎಂದಿನಂತೆ ತಲೆಯಾಡಿಸಿದೆ, ಯಾವ ಕೆಲಸ ಎಂದು ಇನ್ನೂ ಗೊತ್ತಿರಲಿಲ್ಲ. ಅವರು ಹೋದ ಎರಡು ನಿಮಿಷಕ್ಕೆ ಆಪಟೆ ಏದುಸಿರು ಬಿಡುತ್ತ ಮೇಲೆ ಬಂದರು. "ಅಹೋ ಹಂಚಿನಾಳಕರ, ಕಾಳಾ ಝೇಂಡಾ?" ಎಂದರು. ನನ್ನ ಹೆಸರು ಹಂಚಿನಾಳ ಅಷ್ಟೆ, ಕೊನೆಯ ಕರ ಪುಣೆಯವರು ಪ್ರೀತಿಯಿಂದ ಸೇರಿಸಿದ್ದು. ಕರಿ ಬಾವುಟ ಎಂದಾಗ ನನಗೆ ಪರಕರ ನೆನಪಾಯಿತು. ಗ್ಯಾಲರಿಯಿಂದ ಬಗ್ಗಿ ನೋಡಿದರೆ ಕೆಳಗೆ ಪೊಲೀಸ್ ಜೀಪು ನಿಂತಿತ್ತು. "ಲಗ್ನ ಇನ್ನ ಮೂರು ವಾರ ಅದ, ನೀವು ಜೇಲಿಗೆ ಹೋದ್ರ ಕನ್ಯಾದಾನ ಯಾರು ಮಾಡ್ತಾರ?" ಎಂದು ಸುಮಿತ್ರಾ ಗಾಬರಿಯಾದಳು. ಮರುಗಳಿಗೆಗೆ, "ಕೀಲಿ ಕೊಡ್ರಿ ಇಲ್ಲೆ. ಬೂಟು ಹಾಕ್ಕೊಂಡು ಕುರುಡಿಗಿ ತುಳದಾರು" ಎಂದು ಮುಂದಾದಳು.

ಜೀಪಿನಿಂದ ಇಳಿದ ಫೌಜದಾರರು, ಒಬ್ಬ ಹವಾಲ್ದಾರ, ಆಪಟೆ, ನಾನು, ಎಲ್ಲರಿಗಿಂತ ಮುಂದೆ ಸುಮಿತ್ರಾ. ಗಚ್ಚಿಯ ಬಾಗಿಲು ತೆರೆದಾಗ ಪರಕರ ಮೈದಾನದ ಕಡೆಗೆ ಮುಖ ಮಾಡಿ ಜೋರಾಗಿ ಹಾರಾಡುತ್ತಿತ್ತು. ಫೌಜದಾರರು ಅದನ್ನು ನೋಡಿದರು, ಅದರ ಲಾಡಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಮರಾಠಿಯಲ್ಲಿ ಕಾಗೆಗಳ ಬಗ್ಗೆ ಹೇಳತೊಡಗಿದೆ. ಅಂಜಿಕೆಗೆ ಮರಾಠಿ ಅರ್ಧದಲ್ಲೇ ಕೈಕೊಟ್ಟಿತು, ಉಳಿದರ್ಧ ಕಾಗೆಯನ್ನು ಕೈಸನ್ನೆಯಲ್ಲಿ ಮಾಡಿ ತೋರಿಸಿದೆ. ಅಷ್ಟರಲ್ಲಿ ಧೋತರಗಳ ಮೇಲೆ ಲೋಹ ಪತ್ತೆಹಚ್ಚುವ ಯಂತ್ರ ಆಡಿಸುತ್ತಿದ್ದ ಹವಾಲ್ದಾರ ಮೂಲೆಯಲ್ಲಿ ನಿಂತುಬಿಟ್ಟ. ಯಂತ್ರ ಕುಂಯ್ಗುಡುತ್ತಿತ್ತು. ಬಟ್ಟೆಯ ಕೆಳಗೆ ಹಿತ್ತಾಳೆಯ, ಉರುಟಾದ, ಭಾರವಾದ, ಮೇಲೊಂದು ಹಿಡಿಕೆಯಿದ್ದ ವಸ್ತುವೊಂದಿತ್ತು. ಆಪಟೆ ಮೂರು ಮೆಟ್ಟಿಲು ಕೆಳಗಿಳಿದು ಅಲ್ಲಿಂದಲೇ ನಮ್ಮನ್ನು ಶಾಂತವಾಗಿರಲು ಹೇಳಿದರು.

"ಅಯ್ಯ, ಒತ್ತು ಇಲ್ಲೇ ಬಿಟ್ಟಿದ್ದೆ ನೋಡು" ಎಂದು ಸುಮಿತ್ರಾ ಹೋಗಿ ಅದನ್ನು ಎತ್ತಿಕೊಂಡಳು. ಫೌಜದಾರರು ಅದು ಏನೆಂದು ತೋರಿಸಿ ಎಂದರು. ವೀಣಾ ಹಾಲು ಸಕ್ಕರೆ ಹಾಕಿಕೊಂಡು ತಿನ್ನಲೆಂದು ತೆಗೆದಿಟ್ಟಿದ್ದ ಹಿಟ್ಟು ಬಿಸಿ ಡಬ್ಬಿಯಲ್ಲಿತ್ತು. ಅದನ್ನು ತರಿಸಿ, ಒತ್ತಿನಲ್ಲಿ ತುಂಬಿ, ಕೂತು, ಕಾನೂನಿನ ಸಮ್ಮುಖದಲ್ಲಿ ಅವಳು ಒಂದು ಕುರುಡಿಗಿ ಒತ್ತಿದಳು. ಐದು ಸುತ್ತು, ಒಂದೂ ಎಳೆ ಹರಿಯಲಿಲ್ಲ. ಫೌಜದಾರರ ಮುಖ ಸಡಿಲಾಯಿತು. ತಮ್ಮ ತಾಯಿಯೂ ಮಾಡುತ್ತಿದ್ದಳೆಂದರು. ಆಮೇಲೆ ಮತ್ತೆ ಬಿಗಿ ಮಾಡಿಕೊಂಡು, ಬಾವುಟ ಮಾತ್ರ ಇಳಿಯಬೇಕು ಎಂದರು. ನಾನು ಗಂಟು ಬಿಚ್ಚಲು ಹೋದಾಗ ಸುಮಿತ್ರಾ ಕನ್ನಡದಲ್ಲಿ ಗೊಣಗಿದಳು: "ಇಳಸ್ರಿ ಇಳಸ್ರಿ. ಕಾಗಿ ಬಂದ್ರ ಯಾರು ಹೊಡೀತಾರಂತ ಒಂದು ಮಾತು ಕೇಳ್ರಲಾ ಸಾಹೇಬರನ್ನ." ನಾನು ಕೇಳುವವನಲ್ಲವೆಂದು ಅವಳಿಗೆ ಗೊತ್ತಿತ್ತು. ಉತ್ತರ ಹವಾಲ್ದಾರನಿಂದ ಬಂತು. "ನಾ ಹೊಡೀತೇನ್ರಿ ಅಕ್ಕಾರ. ನಂದು ಅಕ್ಕಲಕೋಟಿ ಕಡೇರಿ. ಹೆಂಗೂ ಸಂಜೀತನಾ ಈ ಗಚ್ಚಿ ಮ್ಯಾಲೇ ನನ್ನ ಡ್ಯೂಟಿ." ಫೌಜದಾರರು ಕೇಳಿಸದವರಂತೆ ಜೀಪಿನ ಕಡೆ ಹೋದರು.

ಹನ್ನೊಂದೂವರೆಗೆ ಹೆಲಿಕಾಪ್ಟರ್ ಬಂತು. ಕಿಟಕಿಯ ಗಾಜುಗಳು ನಡುಗಿದವು, ಓಣಿಯ ಧೂಳೆಲ್ಲ ಎದ್ದು ನಿಂತಿತು. ಕುರುಡಿಗಿ ಹಾರಿಹೋದವೆಂದು ಸುಮಿತ್ರಾ ದೇವರ ಮುಂದೆ ಕೂತುಬಿಟ್ಟಳು. ನನಗೆ ಅಳು ಬರುವಂತಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ರುಬ್ಬಿ, ಹಿಂಡಿ, ಒತ್ತಿ ಅವಳ ತೋಳು ನೋಯುತ್ತಿದ್ದುದನ್ನು ನಾನು ಕಂಡಿದ್ದೆ. ಗಾಳಿ ನಿಂತ ಮೇಲೆ ವೀಣಾ ಮೆಟ್ಟಿಲೇರಿ ಗಚ್ಚಿಯ ಬಾಗಿಲ ಸಂದಿಯಿಂದ ನೋಡಿ ಬಂದು ನಗು ತಡೆಯಲಾರದೆ ನಕ್ಕಳು. ದೇಶದ ನಾಯಕರು ಅತ್ತ ಮೈದಾನದಲ್ಲಿ ಇಳಿದು ಕೈಬೀಸುತ್ತಿದ್ದಾಗ ಹವಾಲ್ದಾರ ಅವರಿಗೆ ಬೆನ್ನು ಮಾಡಿ, ಧೋತರಗಳನ್ನು ಒಂದರ ಮೇಲೊಂದು ಮಡಚಿ ಹಾಕಿ, ಅಂಚುಗಳ ಮೇಲೆ ಇಟ್ಟಿಗೆ ಇಟ್ಟು, ಇಟ್ಟಿಗೆ ಸಾಲದ ಕಡೆ ತಾನೇ ಕೂತಿದ್ದನಂತೆ. ಒಂದೆರಡು ಮುರಿದವು, ಉಳಿದವೆಲ್ಲ ಸುರಕ್ಷಿತ. ಸಂಜೆ ಸುಮಿತ್ರಾ ಅವನಿಗೆ ಜ್ವಾರಿ ರೊಟ್ಟಿ, ಎಣಗಾಯಿ ಬಡಿಸಿ ಲಗ್ನಕ್ಕೆ ಕರೆದಳು.

ಇಲ್ಲಿಗೆ ಕತೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಮೋರೆಯವರು ಸುಮ್ಮನಿರಲಿಲ್ಲ. ಓಣಿಯಲ್ಲಿ ಹೋದಲ್ಲೆಲ್ಲ ಅವರ ಪಕ್ಷದ ಹುಡುಗರು ನನಗೆ ನಮಸ್ಕಾರ ಮಾಡತೊಡಗಿದರು. ಚಹಾದಂಗಡಿಯಲ್ಲಿ ಜಾಗ ಬಿಟ್ಟುಕೊಟ್ಟರು. "ಭೀತೀ ನಾಹೀ ವಾಟಲೀ?" ಎಂದು ಒಬ್ಬ ಕೇಳಿದ. ಹೆದರಿಕೆ ಆಗಲಿಲ್ಲವೇ ಎಂದು. ನಾನು ಅದು ಪರಕರ ಎಂದು ಹೇಳಬೇಕಿತ್ತು. ಹೇಳದೆ, ದೂರದ ಒಂದು ಮರವನ್ನು ನೋಡುತ್ತ ಸಣ್ಣಗೆ ನಕ್ಕೆ. ಅದೇ ಸಂಜೆ ಆಪಟೆಯವರ ಮನೆಗೆ ಹೋಗಿ, ಅದು ಪರಕರವೇ, ಆಣೆ ಮಾಡಿ ಹೇಳುತ್ತೇನೆ ಎಂದು ಕೈಮುಗಿದೆ. ಮತದಾನದ ದಿನ ಹೊಸ ಯಂತ್ರದ ಗುಂಡಿ ಒತ್ತುವಾಗ ಕೂಡ ನನ್ನ ಎದೆ ಎರಡಿಂಚು ಉಬ್ಬಿತ್ತು. ಯಾರಿಗೆ ಒತ್ತಿದೆ ಎಂದು ಹೇಳುವುದಿಲ್ಲ, ಇಬ್ಬರೂ ತಮಗೇ ಎಂದು ತಿಳಿದಿದ್ದಾರೆ.

ಲಗ್ನದ ದಿನ ರುಖವತದ ಮುಂದೆ ದೊಡ್ಡ ಗುಂಪು. ನಡುವೆ ಕುರುಡಿಗಿಯ ಗೋಪುರ. ಬೀಗಿತ್ತಿಯ ಹುಬ್ಬು ಆಗತಾನೆ ಏರತೊಡಗಿತ್ತು. ಆ ಹೊತ್ತಿಗೆ ಸರಿಯಾಗಿ ಮೋರೆಯವರು ಬಂದು ನನ್ನ ಭುಜದ ಮೇಲೆ ಕೈಹಾಕಿ, ನಾಯಕರಿಗೆ ಕಪ್ಪು ಬಾವುಟ ತೋರಿಸಿದ ಗಂಡು ಇವರೇ ಎಂದು ಬೀಗರಿಗೆ ಪರಿಚಯ ಮಾಡಿಸಿದರು. ಬೀಗರು ಆ ನಾಯಕರ ಪಕ್ಷದಲ್ಲಿ ಮೂವತ್ತು ವರ್ಷ ಸಭೆಗಳಿಗೆ ಚಾಪೆ ಹಾಸಿದವರೆಂಬುದು ಮೋರೆಯವರಿಗೆ ಗೊತ್ತಿರಲಿಲ್ಲ. ಬೀಗರ ಮುಖ ಗಂಟಾಯಿತು. "ಹೌದೇನ್ರೀ?" ಎಂದರು. ನನ್ನ ತಲೆ ತಾನಾಗಿ ಆಡಲು ಹೊರಟಿತ್ತು, ಯಾವ ಕಡೆಗೆ ಆಡಿಸಬೇಕೆಂದು ತಿಳಿಯದೆ ನಡುವೆ ನಿಂತಿತು. ಮಂಟಪದ ಕಡೆ ನೋಡಿದೆ, ವೀಣಾ ನನ್ನನ್ನೇ ನೋಡುತ್ತಿದ್ದಳು.

"ಇವರೆಲ್ಲಿ ತೋರಿಸ್ಯಾರ ತಗೀರಿ" ಎಂದಳು ಸುಮಿತ್ರಾ, ಕುರುಡಿಗಿಯ ತಾಟನ್ನು ಬೀಗಿತ್ತಿಯ ಮುಂದೆ ಹಿಡಿಯುತ್ತ. "ಇವಕ್ಕ ಕಾಗಿ ಬರಬಾರದಂತ ನನ್ನ ಹಳೀ ಪರಕರ ಕೋಲಿಗೆ ಕಟ್ಟಿದ್ರು. ಅದೂ ಗಂಟು ಸಡ್ಲಾಗೇ ಇತ್ತು." ಬೀಗಿತ್ತಿ ಬಾಯಿಗೆ ಸೆರಗು ಒತ್ತಿಕೊಂಡರು. ಬೀಗರು ನಕ್ಕರು, ಆಪಟೆ ನಕ್ಕರು, ಸಾದಾ ಅಂಗಿಯಲ್ಲಿ ಊಟಕ್ಕೆ ಬಂದಿದ್ದ ಹವಾಲ್ದಾರ ಎಲ್ಲರಿಗಿಂತ ಜೋರಾಗಿ ನಕ್ಕ. ಮೋರೆಯವರು ಮಾತ್ರ ನನ್ನ ಭುಜದಿಂದ ಕೈ ತೆಗೆದು ಊಟದ ಪಂಕ್ತಿಯ ಕಡೆಗೆ ನಡೆದರು. ಮಗಳ ಸಂಸಾರ ಉಳಿಯಿತು, ನನ್ನ ಶೌರ್ಯ ಹೋಯಿತು.

ಐದು ವರ್ಷಕ್ಕೆ ಮತ್ತೆ ಚುನಾವಣೆ ಬಂತು, ಮತ್ತೆ ಬೇಸಿಗೆ, ಮತ್ತೆ ಕುರುಡಿಗಿ. ಈ ಸಲ ಬಾಣಂತನಕ್ಕೆ ಬಂದಿದ್ದ ವೀಣಾಳ ಆಸೆಗೆ. ನಾನು ರೂಢಿಯ ಮೇಲೆ ಕೋಲು ಹುಡುಕತೊಡಗಿದೆ. "ಪರಕರ ಬ್ಯಾಡ್ರಿ, ಊರು ಮಂದಿ ಕೂಡತದ. ನೀವ ಹೋಗಿ ನಿಂದರ್ರಿ" ಎಂದು ಸುಮಿತ್ರಾ ನನ್ನ ಕೈಗೆ ಹಳೆಯ ಕೊಡೆ ಕೊಟ್ಟು ಗಚ್ಚಿಗೆ ಕಳಿಸಿದಳು. ನಾನು ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಬಂದು ಟಾಕಿಯ ಮೇಲೆ ಕೂತು, ಕತ್ತು ಓರೆ ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಕೆಳಗಿಳಿದು, ಸಾವಕಾಶ ನಡೆದು ಬಂದು, ನನ್ನ ಕಾಲಿನ ಪಕ್ಕದಲ್ಲಿದ್ದ ಕುರುಡಿಗಿಗೆ ಕೊಕ್ಕು ಹಾಕುವ ಮೊದಲು ಇನ್ನೊಮ್ಮೆ ನನ್ನ ಮುಖ ನೋಡಿತು. ನಾನು ತಲೆಯಾಡಿಸಿದೆ.