ಏರ್ ಫಿಲ್ಟರಿನೊಳಗಿನ ವಿಭೂತಿ

ಮೆಕ್ಯಾನಿಕ್‌ಗಳ ಮೇಲೆ ನನಗೆ ದ್ವೇಷವಿಲ್ಲ. ಅವರಿಗೆ ತಿಳಿದದ್ದೆಲ್ಲ ನನಗೂ ತಿಳಿದಿದೆ ಎಂಬ ಭ್ರಮೆ ಮಾತ್ರ ಇದೆ. ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿದವನಿಗೆ ಬಾನೆಟ್ ಎತ್ತುವ ಧೈರ್ಯ ಬಂದೇ ಬರುತ್ತದೆ. ಮುಚ್ಚುವಾಗ ಒಂದೆರಡು ಸ್ಕ್ರೂ ಕೈಯಲ್ಲೇ ಉಳಿದರೂ ನಾನು ಎದೆಗುಂದಿದವನಲ್ಲ. ಆದರೆ ಅಪ್ಪನ ಕಾರಿನ ವಿಷಯದಲ್ಲಿ ಹೆದರಿದ್ದು ನಿಜ.

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಕೊಬ್ಬರಿ ವ್ಯಾಪಾರಕ್ಕೆಂದು ಅವರು ಅರಸೀಕೆರೆಯಿಂದ ಊರೂರು ಸುತ್ತಿದ ಆ ಕಾರನ್ನು ಮಾರೋಣವೆಂದು ನಾನು ಬಾಯಿಬಿಟ್ಟ ವಾರದಿಂದಲೇ ಅದಕ್ಕೆ ಕಾಯಿಲೆ ಶುರುವಾಯಿತು. ಅದೂ ಸೋಮವಾರ ಮಾತ್ರ. ಸ್ಟಾರ್ಟ್ ಮಾಡಿದರೆ ಥೇಟ್ ಅಪ್ಪನ ಹಾಗೆ ಎರಡು ಸಲ ಕೆಮ್ಮಿ, ಏದುಸಿರು ಬಿಟ್ಟು, ಗೇಟಿನ ಬಳಿ ನಿಂತುಬಿಡುತ್ತಿತ್ತು. ಪ್ಲಗ್ ಬದಲಿಸಿದೆ, ಬ್ಯಾಟರಿ ಟರ್ಮಿನಲ್ ಉಜ್ಜಿದೆ. ಮುಂದಿನ ಸೋಮವಾರ ಮತ್ತೆ ಅದೇ ಕೆಮ್ಮು. ಅಪ್ಪ ಹೋದದ್ದೂ ಸೋಮವಾರವೇ ಎಂಬುದನ್ನು ಮರೆಯಲು ನೋಡಿದಷ್ಟೂ ನೆನಪಾಗುತ್ತಿತ್ತು.

ಕಾರು ನೋಡಲು ಹಾರನಹಳ್ಳಿಯವರೊಬ್ಬರು ಬರುವುದಾಗಿ ಹೇಳಿದ್ದೂ ಒಂದು ಸೋಮವಾರವೇ. ಅಂದು ಬೆಳಿಗ್ಗೆ, ಇಂಜಿನ್ನಿಗೆ ಗಾಳಿ ಸೋಸಿ ಕೊಡುವ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದೆ. ಮುಚ್ಚಳದ ಒಳಮೈಯಲ್ಲಿ ವಿಭೂತಿಯ ಎರಡು ಗೆರೆ, ನಡುವಿನದು ಇಲ್ಲ. ಕಾಯಿ ಒಡೆಯುವಾಗ ಮಚ್ಚು ತಗುಲಿ ಅಪ್ಪನ ನಡುಬೆರಳು ಅರ್ಧ ಹೋಗಿತ್ತು. ಅವರು ಎಲ್ಲಿ ವಿಭೂತಿ ಎಳೆದರೂ ಹೀಗೇ ನಡುವೆ ಖಾಲಿ. ಮುಟ್ಟಿ ನೋಡಿದೆ. ಇನ್ನೂ ಒದ್ದೆಯಾಗಿತ್ತು.



“ಅದನ್ಯಾಕ್ ಬಿಚ್ಚಿದ್ಯೋ?” ಹಿಂದೆ ಅವ್ವ ನಿಂತಿದ್ದಳು. ಬೆರಳಿಗೆ ವಿಭೂತಿ ಮೆತ್ತಿತ್ತು. ನಡುಬೆರಳನ್ನು ಮಡಿಚಿಕೊಂಡಿದ್ದಳು.

“ಇದು ನಿನ್ನ ಕೆಲಸವೇನವ್ವ?”

“ಹೊರಗ್ ಹಚ್ಚಿದ್ರೆ ಗಿರಾಕಿ ಬತ್ತಾರೆ ಅಂತ ನೀನು ಒರೆಸ್ತೀಯ. ಅದಕ್ಕೇ ಸೋಮವಾರ ಸೋಮವಾರ ಒಳಗ್ ಹಚ್ಚಿ, ಆ ಜಾಲರಿ ಮೇಲೂ ಒಂದ್ ಹಿಡಿ ವಿಭೂತಿ ಉದುರಿಸ್ತೀನಿ.”

“ಮತ್ತೆ ಬೆರಳು ಯಾಕೆ ಮಡಿಚಿದ್ದೀಯ?”

“ನಿಮ್ಮಪ್ಪನ ಕೈ ಅಂತ ಗಾಡಿಗೆ ಗೊತ್ತಾಗ್ಬೇಕಲ್ಲ ಕಣೋ.”

 ನಾನೂ ವ್ಯವಹಾರಸ್ಥರ ಮಗ ನೋಡಿ, ಫಿಲ್ಟರು ಕೊಡವಿದೆ, ಗೆರೆ ಒರೆಸಿದೆ. ಇಂಜಿನ್ ಕೆಮ್ಮದೆ ಓಡಿತು. ಅವ್ವ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, ಒಳಗೆ ಹೋದಳು.

ಹನ್ನೊಂದಕ್ಕೆ ಹಾರನಹಳ್ಳಿಯವರು ಬಂದರು. “ಇಂಜಿನ್ ಚೆನ್ನಾಗೈತೆ ಕಣ್ರೀ, ಒಂದ್ ರೌಂಡ್ ಹೋಗ್ ಬರಣ” ಎಂದು ಪಕ್ಕದಲ್ಲಿ ಕೂತರು. ಗೇಟಿನ ಬಳಿ ಕಾರು ಜಗ್ಗಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ಅವರು, “ಯಾಕೋ ಬ್ಯಾಡ ಬಿಡಿ” ಎಂದು ಇಳಿದು ಹೋದರು.

ಆಮೇಲೆ ಇಡೀ ಇಂಜಿನ್ ಜಾಲಾಡಿದೆ. ಒಂದು ದೋಷವೂ ಸಿಗಲಿಲ್ಲ. ಕಾರು ಈಗ ಸೋಮವಾರವೂ ಚೆನ್ನಾಗಿ ಓಡುತ್ತದೆ, ಮಾರುವ ಮಾತು ನಿಂತಿದೆ. ಗೇರಿನಲ್ಲಿರುವಾಗ ಕ್ಲಚ್ಚಿನ ಮೇಲಿಂದ ಥಟ್ಟನೆ ಕಾಲು ತೆಗೆದರೆ ಎಂಥ ಇಂಜಿನ್ನೂ ನಿಲ್ಲುತ್ತದೆಂದು ಯಾವ ವಿಡಿಯೊ ನೋಡದವರಿಗೂ ಗೊತ್ತು. ಅಂದು ಗೇಟಿನ ಬಳಿ ಮೂರು ಸಲವೂ ಕ್ಲಚ್ಚಿನಿಂದ ಥಟ್ಟನೆ ಎದ್ದ ಕಾಲು ನನ್ನದೇ. ತೆಗೆದವನು ಮಾತ್ರ ನಾನಲ್ಲ.